ಪೂವಿ ನಮ್ಮ ಮನೆಯಲ್ಲಿದ್ದಾಗ

ಪೂವಮ್ಮ ತೀರಿಕೊಂಡಳೆಂದು ಅವಳ ಮಗ ಚೆಟ್ಟಳ್ಳಿಯಿಂದ ಫೋನು ಮಾಡಿದಾಗ ನಾನು ಕೇಳಿದ ಮೊದಲ ಮಾತು, "ಎಲ್ಲಿದ್ದಳು?" ಎಂದು. ಏನಾಗಿತ್ತು, ಹೇಗಾಯಿತು ಎಂದು ಕೇಳಬೇಕಾದವಳು ಹೀಗೆ ಕೇಳಿದ್ದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಹಿಂದಿನ ವರ್ಷ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಮೇಲೆ ನನಗೆ ಅವಳನ್ನು ನೋಡಲು ಹೋಗಲಾಗಿರಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಮಂಚದ ಮೇಲೆ ಮಲಗಿ ಸೂರು ನೋಡುತ್ತಿರುವ ಪೂವಿಯನ್ನು ನೆನೆದು ಎಷ್ಟೋ ಸಲ ನನ್ನ ನಿದ್ದೆ ಹಾರಿಹೋಗಿತ್ತು. ಚೆಟ್ಟಳ್ಳಿ ತಲುಪಿದಾಗ ಅವಳ ಸೊಸೆ ನನ್ನನ್ನು ಕೈಹಿಡಿದು ಅಂಗಳಕ್ಕೆ ಕರೆದೊಯ್ದಳು.

"ಮಂಚದ ಮೇಲೆ ಮಲಗೋ ಜೀವಾನಾ ಆಂಟಿ ಅದು? ಡಾಕ್ಟ್ರು ಬೇಡ ಅಂದ್ರೂ ವಾಕರ್ ಹಿಡ್ಕೊಂಡು ದಿನಾ ಅಂಗಳ ಸುತ್ತೋರು. ನಿನ್ನೆ ಕಾಫಿ ಪಿಕಿಂಗ್‌ನವರ ಜೊತೆ ಮಾತಾಡ್ತಾ ಗೇಟಿನ ತನಕ ಹೋಗಿದ್ರು. ಬೆಳಿಗ್ಗೆ ಈ ಕಿತ್ತಳೆ ಗಿಡದ ಹತ್ರ ಕುರ್ಚಿ ಹಾಕಿಸ್ಕೊಂಡ್ರು. ಕಾಫಿ ಕುಡಿದು ಲೋಟ ಕೆಳಗಿಟ್ಟಿದ್ರು. ನಾನು ಲೋಟ ತಗೊಳ್ಳೋಕೆ ಬಂದಾಗ ಆಗೋಗಿತ್ತು."

ನನ್ನ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಬಿಸಿಲಲ್ಲಿ, ಬಯಲಲ್ಲಿ, ಹೊಟ್ಟೆಗೆ ಬಿಸಿ ಕಾಫಿ ಇಳಿದ ಮೇಲೆ ಹೋಗಿದ್ದಾಳೆ. ಅಲ್ಲೇ ಕುಳಿತು ಚೆನ್ನಾಗಿ ಅತ್ತೆ. ಆದರೆ ಆ ಅಳುವಿನಲ್ಲಿ ಸಂಕಟವಿರಲಿಲ್ಲ. ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ನೆನಪಾದದ್ದು ಎಂಬತ್ತು ದಾಟಿದ ಪೂವಮ್ಮ ಅಲ್ಲ. ಶನಿವಾರಸಂತೆಯ ಬಸ್ಸಿನಿಂದ ತಗಡಿನ ಟ್ರಂಕು ಹಿಡಿದು ನಮ್ಮ ಮನೆಯ ಮುಂದೆ ಇಳಿದ, ಎರಡು ಜಡೆಯ, ಮೊಣಕಾಲಿನ ತುಂಬ ಗಾಯದ ಕಲೆಗಳಿದ್ದ ಹುಡುಗಿ.

ಆಗ ಕೊಡಗು ತಾನೇ ಒಂದು ರಾಜ್ಯ. ಮಡಿಕೇರಿ ನಮ್ಮ ರಾಜಧಾನಿ. ನಮ್ಮ ಹಳ್ಳಿ ಶನಿವಾರಸಂತೆಗೆ ಅರ್ಧ ಗಂಟೆಯ ನಡಿಗೆ. ಇನ್ನೊಂದು ಕಡೆಗೆ ನಡೆದರೆ ಮೈಸೂರು ರಾಜ್ಯ. ರಸ್ತೆಗೆ ಮುಖ ಮಾಡಿದ ಹೆಂಚಿನ ಮನೆ ನಮ್ಮದು. ಉದ್ದನೆಯ ಜಗಲಿಯ ಮೇಲೆ ಶನಿವಾರ ಸಂತೆಗೆ ಹೋಗುವವರು ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ನಡುಮನೆಯಲ್ಲಿ ಅಪ್ಪ ಕೊಂಡು ತಂದ ಏಲಕ್ಕಿಯ ಚೀಲಗಳು ಗೋಡೆಗೊರಗಿ ನಿಂತಿರುತ್ತಿದ್ದವು. ನಮ್ಮ ಬಟ್ಟೆ, ಹಾಸಿಗೆ, ಕೊನೆಗೆ ನನ್ನ ಪುಸ್ತಕಗಳೂ ಏಲಕ್ಕಿ ನಾರುತ್ತಿದ್ದವು. ದೇವರ ಕೋಣೆ ಅಜ್ಜಿಯದು. ಬೆಳಗಿನ ಹೊತ್ತು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅವಳು ಕುಳಿತಳೆಂದರೆ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಪೂಜೆ ಮುಗಿದದ್ದು ನಮಗೆ ತಿಳಿಯುತ್ತಿದ್ದುದು ಅವಳು ಯಾರನ್ನಾದರೂ ಬೈಯಲು ಶುರು ಮಾಡಿದಾಗಲೇ.

ನನಗೆ ಒಬ್ಬ ಅಣ್ಣ ಇದ್ದನಂತೆ. ನನಗೆ ನೆನಪು ಮೂಡುವ ಮೊದಲೇ ಹೋಗಿಬಿಟ್ಟವನು. ದನ ಕಾಯುವವರ ಜೊತೆ ನಮ್ಮೂರ ಹಿಂದಿನ ಬೋಳುಗುಡ್ಡ ಹತ್ತಿ ಬಂದವನಿಗೆ ಚಳಿಜ್ವರ ಹಿಡಿಯಿತು, ಮತ್ತೆ ಏಳಲಿಲ್ಲ. ಗುಡ್ಡದ ಗಾಳಿ ಸೋಕಿತು ಎಂದು ಅಜ್ಜಿ ಕೊನೆಯವರೆಗೂ ನಂಬಿದ್ದಳು. ಅದಕ್ಕೇ ನನ್ನನ್ನು ಅವಳು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಬೆಳೆಸಿದಳು. ಕೊರಳಿಗೆ ತಾಯತ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಶಾಲೆಗೆ ಆಳು ಬಿಟ್ಟು ಬರಬೇಕು, ಆಳು ಕರೆತರಬೇಕು. ಉಳಿದ ಹೊತ್ತು ಜಗಲಿಯ ಕಂಬ ತಬ್ಬಿಕೊಂಡು ರಸ್ತೆ ನೋಡುವುದು. ಅಕ್ಕಪಕ್ಕದ ಮಕ್ಕಳು ಕುಂಟೆಬಿಲ್ಲೆ ಆಡಲು ಕರೆದರೆ ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಕೆಲವು ದಿನಗಳ ಮೇಲೆ ಅವರು ಕರೆಯುವುದನ್ನೇ ಬಿಟ್ಟರು. ನನಗೆ ಓಡಲು ಬರುತ್ತಿರಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಓಡಿದರೆ ಎದೆ ಹೊಡೆದುಕೊಂಡು, ಕಾಲಿಗೆ ಕಾಲು ತೊಡರಿ ಬೀಳುತ್ತಿದ್ದೆ.

ಪೂವಿಯ ಅಪ್ಪ ಚೆಟ್ಟಳ್ಳಿಯ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅರೆಭಾಷೆ ಮಾತಾಡುವ ಗೌಡರು. ಲೈನ್ ಮನೆಗಳ ಆಳುಗಳಿಗೆ ಬೇಕಾದ ಅಕ್ಕಿಗಾಗಿ ನಮ್ಮ ಕಡೆಗೆ ಬರುತ್ತಾ ಅಪ್ಪನಿಗೆ ಸ್ನೇಹಿತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಎಸ್ಟೇಟಿನಲ್ಲಿ ಹುಡುಗರ ಜೊತೆ ಮರ ಹತ್ತಿಕೊಂಡು ಬೆಳೆಯುತ್ತಿದ್ದಳು. ಹತ್ತಿರದಲ್ಲಿ ಮುಂದಿನ ತರಗತಿಗಳಿರಲಿಲ್ಲ. "ನಮ್ಮ ಮನೇಲಿ ಇರ್ಲಿ ಬಿಡಿ, ಗಿರಿಜಾಗೂ ಜೊತೆಯಾಗ್ತದೆ" ಎಂದು ಅಪ್ಪ ಯಾರನ್ನೂ ಕೇಳದೆ ಒಪ್ಪಿಕೊಂಡು ಬಂದುಬಿಟ್ಟರು. ಅಂದು ಸಂಜೆ ನಡೆದ ಜಗಳ ನನಗೆ ಚೆನ್ನಾಗಿ ನೆನಪಿದೆ.

"ಮಾಂಸ ತಿನ್ನೋರ ಮನೆ ಮಗು. ನನ್ನ ಅಡಿಗೆಮನೆಗೆ ಬರೋದಾ? ನಿಂಗೆ ತಲೆ ನೆಟ್ಟಗಿದೆಯಾ?" ಎಂದಳು ಅಜ್ಜಿ.

"ತಾಯಿಲ್ಲದ ಮಗು ಕಣವ್ವ. ಇಲ್ಲಿ ಇರೋಷ್ಟು ದಿನ ನಾವು ತಿಂದಿದ್ದು ತಿಂತಾಳೆ" ಎಂದರು ಅಪ್ಪ.

"ಹೊಟ್ಟೆಯೊಳಗೆ ಮೊದಲು ಹೋಗಿರೋದನ್ನ ಏನು ಮಾಡ್ತೀಯ?"

ಒಲೆಯ ಮುಂದಿದ್ದ ಅಮ್ಮ ಆ ಕಡೆ ತಿರುಗಿ ನಕ್ಕಿದ್ದನ್ನು ನಾನು ನೋಡಿದೆ.

ಕೊನೆಗೆ ಒಂದು ಏರ್ಪಾಡಾಯಿತು. ನಡುಮನೆಗೂ ಅಡಿಗೆಮನೆಗೂ ಮಧ್ಯೆ ಕಿರಿದಾದ ಹಾದಿಯಂಥ ಜಾಗವಿತ್ತು. ಪೂವಿ ಅಲ್ಲಿ ಕುಳಿತು ಊಟ ಮಾಡಬೇಕು, ತನ್ನ ತಟ್ಟೆ ತಾನೇ ತೊಳೆಯಬೇಕು. ಬಂದ ಮೊದಲ ದಿನ ಅವಳು ಅಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಕಡುಬಿನ ಮೇಲೆ ಕಡುಬು ತಿಂದಳು. ನಾನು ಒಳಗಿನಿಂದ ಅವಳ ಬೆನ್ನನ್ನೇ ನೋಡುತ್ತಿದ್ದೆ. ಎರಡನೆಯ ದಿನ ಅಮ್ಮ ನನ್ನ ತಟ್ಟೆಯನ್ನು ಕೈಗೆ ಕೊಟ್ಟು, "ಹೋಗು, ಅವಳ ಜೊತೆ ಕೂತ್ಕೋ" ಎಂದಳು. ಕೆಲವು ದಿನಗಳಾದ ಮೇಲೆ ಗದ್ದೆಯಿಂದ ಬಂದ ಅಪ್ಪನೂ "ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ" ಎಂದು ನಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡರು. ಅಡಿಗೆಮನೆಯೊಳಗೆ ಅಜ್ಜಿ ಒಬ್ಬಳೇ ಉಳಿದಳು. ಅವಳಿಗೆ ಮಾತಿಲ್ಲದೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಕುದಿಯುವ ಹುರುಳಿ ಸಾರಿನ ಪಾತ್ರೆ ಹಿಡಿದು ನಮ್ಮ ಕಾಲುಗಳನ್ನು ದಾಟುತ್ತಾ ಎಡವಿದಳು. ಸಾರು ಚೆಲ್ಲಲಿಲ್ಲ; ಆದರೆ ಅಜ್ಜಿ ಕೂಗಿಕೊಂಡಳು.

"ದಾರೀಲಿ ಕೂತು ಯಾರಾದ್ರೂ ಸುಟ್ಕೊಂಡು ಸಾಯ್ತೀರ. ಎದ್ದು ಬನ್ರೇ ಎಲ್ಲಾ ಒಳಗೆ!"

"ನಾನೂನಾ ಅಜ್ಜಿ?" ಎಂದು ಪೂವಿ ಕೇಳಿದಳು.

"ಮತ್ತೆ ನಿಂಗೇನು ಬೇರೆ ಹೇಳ್ಕಳಿಸ್ಬೇಕಾ?"

ಅಷ್ಟಕ್ಕೇ ಅದು ಮುಗಿಯಿತು. ಆ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ. ಪೂವಿ ಮನೆಯೊಳಗೆ ನಮ್ಮ ಮಾತು ಆಡುವುದನ್ನೂ ಬೇಗ ಕಲಿತಳು. ಸಿಟ್ಟು ಬಂದಾಗ, ಹೆದರಿದಾಗ, ತುಂಬ ಸಂತೋಷವಾದಾಗ ಮಾತ್ರ ಅವಳ ಅರೆಭಾಷೆ ತಾನಾಗಿ ಹೊರಗೆ ಬರುತ್ತಿತ್ತು.

ಪೂವಿ ಬಂದ ಮೇಲೆ ಶಾಲೆಗೆ ಆಳು ಬೇಡವೆಂದು ಅಪ್ಪ ಹೇಳಿದರು. ನಾವಿಬ್ಬರೇ ಹೋಗಿ ಬರತೊಡಗಿದೆವು. ಅಲ್ಲಿಂದ ನನ್ನ ಬಾಳು ರಸ್ತೆ ಬಿಟ್ಟು ಗದ್ದೆಗಿಳಿಯಿತು ಎನ್ನಬೇಕು. ಅವಳಿಗೆ ರಸ್ತೆಯಲ್ಲಿ ನಡೆಯುವುದೆಂದರೆ ಬೇಸರ. ಗದ್ದೆಯ ಬದು, ನೀರು ಹರಿಯುವ ತೋಡಿನ ದಂಡೆ, ಕಾಫಿ ತೋಟದ ಬೇಲಿಯ ಸಂದಿ, ಇವೇ ಅವಳ ದಾರಿ. ತೋಡಿಗೆ ಅಡ್ಡವಾಗಿ ಒಂದು ಹಲಸಿನ ದಿಮ್ಮಿ ಬಿದ್ದಿತ್ತು. ಅದನ್ನು ದಾಟಲು ನಾನು ಎಷ್ಟೋ ದಿನ ಅತ್ತಿದ್ದೇನೆ. ಅವಳು ಒಮ್ಮೆಯೂ ಕೈ ಕೊಡಲಿಲ್ಲ. ಮುಂದೆ ಮುಂದೆ ನಡೆಯುತ್ತಾ, "ಕಾಲು ನೋಡ್ಬೇಡ. ನೀರು ನೋಡ್ಬೇಡ. ನನ್ನ ಬೆನ್ನು ನೋಡ್ತಾ ಬಾ" ಎನ್ನುತ್ತಿದ್ದಳು. ಅವಳ ರವಿಕೆಯ ಬೆನ್ನಿಗೆ ಎರಡು ಗುಂಡಿ, ಒಂದು ಪಿನ್ನು. ಆ ಪಿನ್ನನ್ನೇ ನೋಡುತ್ತಾ ಒಂದು ದಿನ ದಾಟಿಯೇ ಬಿಟ್ಟೆ. ಆಚೆ ದಡದಲ್ಲಿ ನಿಂತವಳು ಕೂಡಲೇ ಹಿಂದಿರುಗಿ ಇನ್ನೊಮ್ಮೆ ದಾಟಿದೆ, ಮತ್ತೊಮ್ಮೆ ದಾಟಿದೆ. ಶಾಲೆಗೆ ಹೊತ್ತಾಗಿ ಇಬ್ಬರೂ ಮೇಷ್ಟರ ಕೈಯಲ್ಲಿ ಏಟು ತಿಂದೆವು.

ತೋಡಿನ ಕಲ್ಲುಗಳ ಅಡಿಯಲ್ಲಿ ಏಡಿಗಳಿದ್ದವು. ಪೂವಿ ಅವುಗಳನ್ನು ಹಿಡಿದು, ತರಗೆಲೆ ಸೇರಿಸಿ ಬೆಂಕಿ ಮಾಡಿ, ಸುಟ್ಟು ತಿನ್ನುತ್ತಿದ್ದಳು. ನಾನು ಕಾವಲು. ನನಗೆ ತಿನ್ನೆಂದು ಅವಳು ಒಮ್ಮೆಯೂ ಹೇಳಲಿಲ್ಲ, ನನಗೂ ತಿನ್ನಬೇಕೆನಿಸಲಿಲ್ಲ. ತಿಂದಾದ ಮೇಲೆ ಸೀಬೆ ಎಲೆ ಜಗಿದು, ಬಾಯಿ ಮುಕ್ಕಳಿಸಿ, ನನ್ನ ಮೂಗಿನ ಹತ್ತಿರ ಉಸಿರು ಬಿಟ್ಟು ಪರೀಕ್ಷೆ ಮಾಡಿಸಿಕೊಂಡೇ ಮನೆಗೆ ಬರುತ್ತಿದ್ದಳು.

"ಏನೇ ಹುಡುಗಿ, ದಿನಾ ಸೀಬೆ ಸೊಪ್ಪು ತಿಂತೀಯ? ಮೇಕೆನಾ ನೀನು?" ಎಂದು ಅಜ್ಜಿ ಕೇಳಿದರೆ, "ಹಲ್ಲಿಗೆ ಒಳ್ಳೇದು ಅಜ್ಜಿ" ಎನ್ನುವಳು. ಅಜ್ಜಿಗೆ ಎಲ್ಲ ಗೊತ್ತಿತ್ತೆಂದು ಈಗ ನನಗನ್ನಿಸುತ್ತದೆ. ಒಮ್ಮೆ ಅಜ್ಜಿಯೇ ಒಂದು ಹಿಡಿ ಸೀಬೆ ಎಲೆ ಕೊಯ್ದು ಬಚ್ಚಲ ಕಟ್ಟೆಯ ಮೇಲೆ ಇಟ್ಟಿದ್ದಳು.

ಭಾನುವಾರಗಳಲ್ಲಿ ನಮ್ಮದು ಹೊರದೇಶದ ಪ್ರಯಾಣ. ಗದ್ದೆಯಾಚೆಯ ದಿಬ್ಬದ ಮೇಲೆ ಒಂದು ಗಡಿಕಲ್ಲು. ಅದರ ಈಚೆ ಕೊಡಗು, ಆಚೆ ಮೈಸೂರು. ಪೂವಿ ಕಲ್ಲಿನ ಎರಡೂ ಬದಿಗೆ ಒಂದೊಂದು ಕಾಲಿಟ್ಟು ನಿಲ್ಲುತ್ತಿದ್ದಳು. "ಗಿರಿಜಾ, ಈಗ ನಾನು ಬಿದ್ರೆ ಯಾವ ರಾಜ್ಯದ ಪೊಲೀಸು ಎತ್ತೋಕೆ ಬರ್ತಾರೆ?" ಎಂದು ಕೇಳುವಳು. ಇಬ್ಬರೂ ಆಚೆ ಹಾರಿ, ಮೈಸೂರು ರಾಜ್ಯದ ನೆಲ್ಲಿಕಾಯಿ ಕಿತ್ತು ತಿಂದು, ಈಚೆ ಹಾರಿ ಕೊಡಗಿನ ನೀರು ಕುಡಿಯುತ್ತಿದ್ದೆವು. ನೀರು ಸಿಹಿಯಾದಾಗ ಅದು ನಮ್ಮ ರಾಜ್ಯದ ಹೆಚ್ಚುಗಾರಿಕೆಯೆಂದು ಹೆಮ್ಮೆಪಡುತ್ತಿದ್ದೆವು. ಅಜ್ಜಿ ಗೊಣಗುತ್ತಿದ್ದಳು, ಆದರೆ ನನಗೆ ಹಸಿವು ಹೆಚ್ಚಿದ್ದನ್ನೂ ಕೆನ್ನೆ ತುಂಬಿಕೊಂಡದ್ದನ್ನೂ ಅವಳು ಕಂಡಿದ್ದಳು. ಅವಳು ಹಾಕಿದ ಷರತ್ತು ಒಂದೇ: ಬೋಳುಗುಡ್ಡದ ಕಡೆ ತಲೆ ಹಾಕಿ ಮಲಗಲೂಬಾರದು.

ವಾರವಾರವೂ ಸಂತೆಗೆ ಬಂದು ಮಗಳನ್ನು ನೋಡಿ ಹೋಗುತ್ತಿದ್ದ ರೈಟರು ಆ ಬೇಸಿಗೆಯ ಶುರುವಿನಲ್ಲಿ ಬರುವುದು ನಿಂತಿತು. ಎಸ್ಟೇಟಿನಲ್ಲಿ ಕೆಲಸ ಜಾಸ್ತಿ, ಮುಂದಿನ ವಾರ ಬರುತ್ತಾರೆ ಎಂದು ಯಾರೋ ಬಸ್ಸಿನವರು ಹೇಳಿದರು. ಆ ಮುಂದಿನ ವಾರವೂ ಬರಲಿಲ್ಲ. ಶನಿವಾರದ ಸಂಜೆ ಪೂವಿ ಜಗಲಿಯ ಮೇಲೆ, ಹಿಂದೆ ನಾನು ತಬ್ಬಿಕೊಳ್ಳುತ್ತಿದ್ದ ಅದೇ ಕಂಬಕ್ಕೆ ಒರಗಿ ಕುಳಿತಿದ್ದಳು. ಅವಳು ಅಷ್ಟು ಹೊತ್ತು ಅಲುಗಾಡದೆ ಕುಳಿತದ್ದನ್ನು ನಾನು ನೋಡಿರಲಿಲ್ಲ. ಅವಳಿಗೆ ಏನಾದರೂ ಕೊಡಬೇಕೆನಿಸಿತು.

"ಬೋಳುಗುಡ್ಡದ ಮೇಲೆ ಹೋದ್ರೆ ನಿಮ್ಮ ಊರು ಕಾಣ್ತದೆ" ಎಂದೆ.

"ಯಾರು ಹೇಳಿದ್ದು?"

"ಕಾಣ್ತದೆ. ಅಷ್ಟು ಎತ್ತರ ಇದೆಯಲ್ಲ."

"ಅಜ್ಜಿ ಕೊಲ್ತಾರೆ."

"ಮಧ್ಯಾಹ್ನದ ಊಟದೊಳಗೆ ಬಂದುಬಿಡೋಣ. ನಾನು ಕರ್ಕೊಂಡು ಹೋಗ್ತೀನಿ" ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ನನಗೇ ಬೆರಗಾಯಿತು.

ಮರುದಿನ ಬೆಳಿಗ್ಗೆ ಅಕ್ಕಿರೊಟ್ಟಿ, ಬೆಲ್ಲ ಒಂದು ಪಂಚೆಯ ತುಂಡಿನಲ್ಲಿ ಕಟ್ಟಿಕೊಂಡು ಹೊರಟೆವು. ಅಮ್ಮನಿಗೆ ಗಡಿಕಲ್ಲಿನ ಕಡೆ ಎಂದೆವು. ಗುಡ್ಡದ ಬುಡದಲ್ಲಿ ಕುರುಚಲು ಗಿಡಗಳು. ಅಲ್ಲಿಂದ ಮೇಲಕ್ಕೆ ಮರವೇ ಇಲ್ಲ, ಬರೀ ಹುಲ್ಲು. ಒಣಗಿ ಹಳದಿಯಾಗಿ ನಮ್ಮ ಸೊಂಟದವರೆಗೆ ನಿಂತಿತ್ತು. ನಡೆದರೆ ಲಂಗಕ್ಕೆ ಚುಚ್ಚಿಕೊಂಡು ಸರಸರ ಸದ್ದು. ನೆತ್ತಿಯ ಸ್ವಲ್ಪ ಕೆಳಗೆ ನಮ್ಮ ಅಂಗಳದಷ್ಟು ಅಗಲದ ಕರಿಯ ಹಾಸುಬಂಡೆ ಇತ್ತು. ಅಲ್ಲಿ ಕುಳಿತು ನೋಡಿದೆವು. ಕೆಳಗೆ ನಮ್ಮ ಮನೆಯ ಹೆಂಚು, ಬೆಂಕಿಪೊಟ್ಟಣದಷ್ಟು. ದಕ್ಷಿಣಕ್ಕೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ನೀಲಿ ಗೆರೆಗಳು. ಚೆಟ್ಟಳ್ಳಿ ಅವುಗಳಲ್ಲಿ ಎಲ್ಲಿತ್ತೋ. ಕಾಣಲಿಲ್ಲ ಎಂದು ನನಗೆ ಅಳು ಬಂತು. ಪೂವಿ ಮಾತ್ರ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ಒಂದು ಗೆರೆಯತ್ತ ಬೆರಳು ತೋರಿಸಿದಳು.

"ಅದೇ. ಅದು ನಮ್ದು. ನಂಗೆ ಗೊತ್ತುಟ್ಟು."

ಹಾಗೆಂದು ರೊಟ್ಟಿ ಬಿಚ್ಚಿ, ಸಮಾಧಾನದಿಂದ ತಿನ್ನತೊಡಗಿದಳು. ಅವಳಿಗೆ ನಿಜವಾಗಿ ಗೊತ್ತಿತ್ತೋ ನನ್ನ ಮುಖ ನೋಡಿ ಹಾಗೆಂದಳೋ, ಬದುಕಿಡೀ ನಾನು ಕೇಳಲಿಲ್ಲ.

ಹೊಗೆಯ ವಾಸನೆ ಮೊದಲು ಬಂದದ್ದು ನನಗೆ. ಆ ದಿನಗಳಲ್ಲಿ ಹೊಸ ಹುಲ್ಲು ಚಿಗುರಲೆಂದು ದನಗಾಹಿಗಳು ಗುಡ್ಡದ ಹುಲ್ಲಿಗೆ ಬೆಂಕಿ ಕೊಡುವುದಿತ್ತು. ಎದ್ದು ನೋಡಿದರೆ ನಾವು ಹತ್ತಿ ಬಂದ ದಾರಿಯ ಮೇಲೇ ಬೆಂಕಿ. ಬುಡದಲ್ಲಿ ಎಡದಿಂದ ಬಲಕ್ಕೆ ಕೆಂಪು ಗೆರೆ. ಗಾಳಿ ಕೆಳಗಿನಿಂದ ಬೀಸುತ್ತಿತ್ತು. ಆ ಗೆರೆ ನೋಡನೋಡುತ್ತಲೇ ಮೇಲೇರಿತು. ನಾನು ಕಿರುಚಿ ನೆತ್ತಿಯ ಕಡೆ ತಿರುಗಿದೆ. ಪೂವಿ ನನ್ನ ಜಡೆ ಹಿಡಿದು ಎಳೆದಳು.

"ಮೇಲೆ ಓಡ್ಬೇಡ! ಕಿಚ್ಚು ನಮಗಿಂತ ಬೇಗ ಓಡ್ತದೆ. ಬಂಡೆ ಬಿಟ್ಟು ಹೋಗ್ಬೇಡ!"

"ಸಾಯ್ತೀವಿ ಪೂವಿ."

"ಬಂಡೆ ಸುಡಿಕೆ ಆದುಲೆ. ಕಲ್ಲಿಗೆ ಬೆಂಕಿ ಹತ್ತಲ್ಲ. ಹುಲ್ಲು ಕೀಳು. ಕೀಳು ಅಂದ್ರೆ!"

ಬಂಡೆಯ ಬಿರುಕುಗಳಲ್ಲಿ ಬೆಳೆದಿದ್ದ ಹುಲ್ಲನ್ನು ಇಬ್ಬರೂ ಕೈಯಿಂದ ಕಿತ್ತು ಕಿತ್ತು ದೂರ ಎಸೆದೆವು. ಅಂಗೈ ಕೊಯ್ದು ರಕ್ತ ಬಂತು. ಕಿತ್ತಷ್ಟೂ ಇನ್ನೂ ಇರುತ್ತಿತ್ತು. ಆ ಹೊತ್ತಿಗೆ ಬೆಂಕಿಯ ಸದ್ದು ಕೇಳತೊಡಗಿತು. ನೂರಾರು ಮೊರಗಳಲ್ಲಿ ಭತ್ತ ಕೇರಿದಂಥ ಸದ್ದು. ಪೂವಿ ನನ್ನನ್ನು ಬಂಡೆಯ ನಡುವೆ ಬೋರಲು ಮಲಗಿಸಿದಳು. ತಲೆಗೆ ನನ್ನ ತಲೆಬಟ್ಟೆಯನ್ನೇ ಮುಚ್ಚಿ, ಪಕ್ಕದಲ್ಲಿ ತಾನೂ ಮಲಗಿ, ಒಂದು ತೋಳನ್ನು ನನ್ನ ಬೆನ್ನ ಮೇಲೆ ಒತ್ತಿ ಹಿಡಿದಳು. ಎದ್ದು ಓಡಿಬಿಡಬೇಕೆಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಆ ತೋಳು ಬಿಡಲಿಲ್ಲ. ಬಿಸಿ ಬಂತು. ಒಲೆಯೊಳಗೆ ಮುಖವಿಟ್ಟಂಥ ಬಿಸಿ. ಉಸಿರು ಎಳೆದರೆ ಗಂಟಲು ಉರಿಯಿತು. ನನ್ನ ಕಿವಿಯಲ್ಲಿ ಪೂವಿ ಏನೋ ಹೇಳುತ್ತಲೇ ಇದ್ದಳು, ಒಂದು ಮಾತೂ ಅರ್ಥವಾಗಲಿಲ್ಲ. ಆಮೇಲೆ ಸದ್ದು ನಮ್ಮನ್ನು ದಾಟಿ ಮೇಲಕ್ಕೆ ಹೋಯಿತು. ನೆತ್ತಿಯಲ್ಲಿ ಸ್ವಲ್ಪ ಹೊತ್ತು ಚಿಟಚಿಟ ಎಂದು ನಿಂತಿತು.

ತಲೆ ಎತ್ತಿದಾಗ ಗುಡ್ಡವೆಲ್ಲ ಕಪ್ಪು. ಪೂವಿಯ ಒಂದು ಜಡೆಯ ತುದಿ ಸುಟ್ಟು ಮುರುಟಿತ್ತು, ಹುಬ್ಬು ಇರಲಿಲ್ಲ. ನನ್ನ ಲಂಗದ ಅಂಚಿನಲ್ಲಿ ತೂತುಗಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ನಕ್ಕವಳು ಪೂವಿ. ಆಮೇಲೆ ನಾನು. ನಗು ನಿಲ್ಲಿಸಲಾಗಲಿಲ್ಲ, ಕೆಮ್ಮುತ್ತಾ ಕೆಮ್ಮುತ್ತಾ ನಕ್ಕೆವು. ನೆಲ ಆರಲಿ ಎಂದು ಬಂಡೆಯ ಮೇಲೆ ಕಾದೆವು. ಕಾದದ್ದು ಸಾಲದೆ ಹೋಯಿತು. ರೊಟ್ಟಿಯ ಬಟ್ಟೆಯನ್ನು ಹರಿದು ಪಾದಗಳಿಗೆ ಸುತ್ತಿಕೊಂಡರೂ ಕೆಳಗಿಳಿಯುವಷ್ಟರಲ್ಲಿ ಅಂಗಾಲುಗಳಲ್ಲಿ ಬೊಬ್ಬೆ ಎದ್ದಿದ್ದವು.

ಗುಡ್ಡದ ಬುಡದಲ್ಲಿ ಊರೇ ನೆರೆದಿತ್ತು. ಹಸಿ ಸೊಪ್ಪಿನ ಕೊಂಬೆಗಳಿಂದ ಅಂಚಿನ ಬೆಂಕಿ ಬಡಿಯುತ್ತಿದ್ದರು. ನಾವು ಗಡಿಕಲ್ಲಿನ ಹತ್ತಿರ ಇಲ್ಲವೆಂದು ಗೊತ್ತಾಗಿ, ಗುಡ್ಡ ಹತ್ತುವುದನ್ನು ಕಂಡವರೊಬ್ಬರು ಹೇಳಿ, ಅಪ್ಪ ಮೂರು ಕಡೆಯಿಂದ ಮೇಲೆ ನುಗ್ಗಲು ನೋಡಿ ಸುಟ್ಟುಕೊಂಡು ನಿಂತಿದ್ದರು. ಗದ್ದೆಯ ಬದುವಿನ ಮೇಲೆ, ತಲೆಗೆ ಸೆರಗಿಲ್ಲದೆ, ಅಜ್ಜಿ ಕುಳಿತಿದ್ದಳು. ಅವಳು ಅಷ್ಟು ದೂರ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಇದ್ದಿಲಿನಂತಾಗಿದ್ದ ನಮ್ಮನ್ನು ಅವಳು ಮೊದಲು ಗುರುತಿಸಲಿಲ್ಲ. ಗುರುತಿಸಿದೊಡನೆ ಎದ್ದು ಬಂದು ನನ್ನ ಕಪಾಳಕ್ಕೆ ಒಂದು ಬಿಗಿದಳು. ಅದೇ ಕೈಯಲ್ಲಿ ಎದೆಗೆ ಒತ್ತಿಕೊಂಡಳು. ಪೂವಿ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಅಲ್ಲಿ ಅವಳಿಗೆ ಹೊಡೆಯುವವರೂ ಇರಲಿಲ್ಲ, ಅಪ್ಪಿಕೊಳ್ಳುವವರೂ ಇರಲಿಲ್ಲ. ಅಮ್ಮ ಓಡಿ ಹೋಗಿ ಅವಳನ್ನು ಎತ್ತಿಕೊಂಡಳು, ಕೂಸನ್ನು ಎತ್ತಿಕೊಂಡ ಹಾಗೆ.

ಸಂಜೆ ಅಜ್ಜಿ ನಡುಮನೆಯಲ್ಲಿ ನಿಂತು ತೀರ್ಪು ಹೇಳಿದಳು.

"ಒಂದು ಮೊಮ್ಮಗನ್ನ ಆ ಗುಡ್ಡ ತಿಂತು. ಇನ್ನೊಂದನ್ನ ಕೊಡೋಕೆ ನನ್ನ ಕೈಲಾಗಲ್ಲ. ಆ ಹುಡುಗೀನ ಅವರಪ್ಪಂಗೆ ಒಪ್ಪಿಸು. ಬರೋ ಶನಿವಾರದೊಳಗೆ."

ಅಪ್ಪ ತಲೆ ತಗ್ಗಿಸಿದರು. ಅವರ ಕೈಗೂ ಬಟ್ಟೆ ಸುತ್ತಿತ್ತು. ಅಜ್ಜಿಯ ಎದುರು ನಾನು ಅದುವರೆಗೆ ದನಿ ಎತ್ತಿದವಳಲ್ಲ.

"ಅವಳು ಕರ್ಕೊಂಡು ಹೋಗ್ಲಿಲ್ಲ. ನಾನು ಕರ್ಕೊಂಡು ಹೋಗಿದ್ದು" ಎಂದೆ. "ನಾನು ಮೇಲಕ್ಕೆ ಓಡ್ತಿದ್ದೆ. ಓಡಿದ್ರೆ ಸತ್ತೋಗ್ತಿದ್ದೆ. ಅವಳು ಹಿಡ್ಕೊಂಡ್ಳು. ಅವಳನ್ನ ಕಳಿಸಿದ್ರೆ ನಾನೂ ಚೆಟ್ಟಳ್ಳಿಗೆ ಹೋಗ್ತೀನಿ."

ಅಜ್ಜಿ ನನ್ನನ್ನು ಯಾರೋ ಬೇರೆಯವರನ್ನು ನೋಡುವ ಹಾಗೆ ನೋಡಿದಳು. ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೆಟ್ಟಳ್ಳಿಗೆ ಸುದ್ದಿ ಹೋಯಿತು.

ಆ ವಾರ ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ನಮ್ಮ ಅಂಗಾಲುಗಳಿಗೆ ಹಚ್ಚುತ್ತಿದ್ದವಳು ಅಜ್ಜಿಯೇ. ಮೊದಲು ನನ್ನ ಕಾಲು, ಆಮೇಲೆ ಪೂವಿಯದು. ಹಚ್ಚುವಾಗ ಇಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ಪೂವಿ ಉರಿಗೆ ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ. ನಮಗಿಬ್ಬರಿಗೂ ಊಟ ಬೇಡವಾಗಿತ್ತು. ಅಮ್ಮ ಕಲಸಿದ ಅನ್ನ ಹಾಗೇ ಉಳಿಯುತ್ತಿತ್ತು. ಶುಕ್ರವಾರ ಪೂವಿ ತನ್ನ ಬಟ್ಟೆಗಳನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನಾನು ತೆಗೆದು ಹೊರಗಿಟ್ಟೆ. ಅವಳು ಮತ್ತೆ ಒಳಗಿಟ್ಟಳು. ಜಗಳವಾಡದೆ ಹಾಗೇ ಎಷ್ಟೋ ಹೊತ್ತು ಮಾಡಿದೆವು.

ಶನಿವಾರ ರೈಟರು ಬಂದರು. ಖಾಕಿ ಕೋಟು, ಕೈಯಲ್ಲಿ ಛತ್ರಿ, ಮುಖ ಬಾಡಿಹೋಗಿತ್ತು. ಇಷ್ಟು ದಿನ ಅವರು ಜ್ವರ ಬಂದು ಮಲಗಿದ್ದರೆಂದು ಆಗ ತಿಳಿಯಿತು; ಮಗಳು ಗಾಬರಿಯಾಗಬಾರದೆಂದು ಕೆಲಸದ ನೆಪ ಹೇಳಿ ಕಳಿಸಿದ್ದರಂತೆ. ಜಗಲಿಯ ತುದಿಯಲ್ಲಿ ಕುಳಿತು, ಮಗಳ ಇಲ್ಲದ ಹುಬ್ಬು ನೋಡಿ, ಅವಳ ತಲೆಯ ಮೇಲೆ ಕೈಯಿಟ್ಟರು. ಅಜ್ಜಿ ಹೊಸ್ತಿಲಿಗೆ ಬಂದು ನಿಂತಳು.

"ಅಮ್ಮ, ನನ್ನ ಮಗಳಿಂದ ನಿಮಗೆ ತುಂಬ ತೊಂದರೆ ಆತ್. ಕರ್ಕೊಂಡು ಹೋಗ್ತೇನೆ" ಎಂದರು ರೈಟರು, ಕೈಮುಗಿದು.

ಅಜ್ಜಿ ಪೂವಿಯ ಕಡೆ ತಿರುಗಿದಳು.

"ನಿನ್ನ ಕಾಲು ಗಟ್ಟಿ ಇದೆ. ಬೆಂಕಿ ದೂರ ಇದ್ದಾಗಲೇ ಪಕ್ಕಕ್ಕೆ ಓಡಿದ್ರೆ ನೀನು ತಪ್ಪಿಸ್ಕೊಳ್ತಿದ್ದೆ. ಯಾಕೆ ಓಡ್ಲಿಲ್ಲ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ವಾರವಿಡೀ ಅಜ್ಜಿ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ಅವ್ಳಿಗೆ ಓಡಿಕೆ ಆದುಲೆ, ಅಜ್ಜಿ" ಎಂದಳು ಪೂವಿ. ಹೆದರಿಕೆಯಲ್ಲಿ ತನ್ನ ಭಾಷೆಯಲ್ಲೇ ಹೇಳಿಬಿಟ್ಟಿದ್ದಳು. ಮತ್ತೆ ನಮ್ಮ ಮಾತಿಗೆ ತಿರುಗಿಸಿದಳು. "ಗಿರಿಜಾಗೆ ಓಡೋಕೆ ಬರಲ್ಲ. ಬಿದ್ದುಬಿಡ್ತಾಳೆ."

ಜಗಲಿಯಲ್ಲಿ ಸಂತೆಗೆ ಹೊರಟಿದ್ದ ಒಬ್ಬಿಬ್ಬರು ಕುಳಿತಿದ್ದರು. ಅವರೂ ಇತ್ತ ತಿರುಗಿ ನೋಡಿದರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ರೈಟರ ಮೇಲೆ ರೇಗಿದಳು.

"ಕರ್ಕೊಂಡು ಹೋಗ್ತೀರಂತೆ. ಹೋಗಿ, ಆಮೇಲೆ? ನನ್ನ ಮೊಮ್ಮಗಳಿಗೆ ಹೊರಗಿನ ರುಚಿ ಹತ್ತಿದೆ. ನಾಳೆಯಿಂದ ಮನೇಲಿ ಕೂರ್ತಾಳಾ? ನಂಗೇ ಎದುರು ಮಾತಾಡಿದ್ದಾಳೆ. ಗುಡ್ಡಕ್ಕೋ ಹೊಳೆಗೋ ಒಬ್ಬಳೇ ಹೋಗ್ತಾಳೆ. ಓಡೋಕೂ ಬರಲ್ಲ. ಒಬ್ಬಳೇ ಹೋಗೋದಕ್ಕಿಂತ ನಿಮ್ಮ ಮಗಳ ಜೊತೆ ಹೋಗೋದು ವಾಸಿ."

ರೈಟರಿಗೆ ಅರ್ಥವಾಗಲಿಲ್ಲ. "ಅಂದ್ರೆ, ಅಮ್ಮ?" ಎಂದರು.

"ಅಂದ್ರೆ ಕೋಟು ಬಿಚ್ಚಿ ಕೈಕಾಲು ತೊಳ್ಕೊಳ್ಳಿ ಅಂದೆ. ಊಟದ ಹೊತ್ತಾಯ್ತು."

ಅಪ್ಪ ದೊಡ್ಡದಾಗಿ ಉಸಿರು ಬಿಟ್ಟ ಸದ್ದು ನನಗೆ ನಡುಮನೆಯೊಳಗಿನಿಂದ ಕೇಳಿಸಿತು. ಪೂವಿ ಅಲುಗಾಡಲಿಲ್ಲ. ಬಂದಾಗಿನಿಂದ ನಮ್ಮ ಮುಂದೆ ಅಳದವಳು ಜೋರಾಗಿ ಅತ್ತುಬಿಟ್ಟಳು. ಅಜ್ಜಿ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಪೂವಿ ನಮ್ಮ ಮನೆಯಲ್ಲಿ ಆಮೇಲೂ ಕೆಲವು ವರ್ಷ ಇದ್ದಳು. ಕೊಡಗು ರಾಜ್ಯ ಹೋಗಿ ಗಡಿಕಲ್ಲಿನ ಎರಡೂ ಕಡೆ ಒಂದೇ ಆದ ದಿನ ನಾವಿಬ್ಬರೂ ಅಲ್ಲಿಗೆ ಹೋಗಿ ಬೇಜಾರಿನಿಂದ ಕುಳಿತು ಬಂದೆವು. ಅವಳು ನನಗೆ ಓಡುವುದನ್ನು ಕಲಿಸಿದಳು. ಕೊಯ್ಲು ಮುಗಿದ ಗದ್ದೆಯಲ್ಲಿ, ಬಿದ್ದರೂ ನೋವಾಗದ ಕಡೆ. ಮುಂದೆ ನಾನು ಗಂಡನ ಮನೆ, ಕೆಲಸ, ಒಬ್ಬಳೇ ಮಕ್ಕಳನ್ನು ಸಾಕಬೇಕಾಗಿ ಬಂದ ವರ್ಷಗಳು ಎಲ್ಲವನ್ನೂ ದಾಟಿದ್ದು ಅವಳ ಬೆನ್ನು ನೋಡಿಕೊಂಡೇ ಎಂದರೆ ಹೆಚ್ಚಲ್ಲ. ಆದರೆ ಚೆಟ್ಟಳ್ಳಿಯಿಂದ ಮರಳುವಾಗ ನನಗೆ ಇವೆಲ್ಲಕ್ಕಿಂತ ಹತ್ತಿರವಾಗಿ ಕಂಡದ್ದು ಆ ಶನಿವಾರದ ಮಧ್ಯಾಹ್ನ. ಒಲೆಯ ಪಕ್ಕದಲ್ಲಿ ಸಾಲಾಗಿ ಎಲ್ಲರೂ ಕುಳಿತಿದ್ದೇವೆ. ಅಪ್ಪ, ರೈಟರು, ಕಣ್ಣು ಕೆಂಪಾದ ಪೂವಿ, ನಾನು. ಅಮ್ಮ ಅನ್ನ ಬಡಿಸುತ್ತಾಳೆ, ಅಜ್ಜಿ ಸಾರು. ವಾರದಿಂದ ಸರಿಯಾಗಿ ಉಣ್ಣದ ನಮಗಿಬ್ಬರಿಗೂ ಎಲ್ಲಿಂದಲೋ ಹಸಿವು ಬಂದುಬಿಟ್ಟಿದೆ. ಬಿಸಿ ಅನ್ನವನ್ನು ಊದದೆ, ಅಗಿಯದೆ, ಬಾಯಿ ಸುಟ್ಟುಕೊಳ್ಳುತ್ತಾ ನುಂಗುತ್ತಿದ್ದೇವೆ. ಅಜ್ಜಿ ಸೌಟು ಹಿಡಿದು ನಮ್ಮ ಮುಂದೆ ನಿಂತು ನೋಡುತ್ತಾಳೆ.

"ನಿಧಾನಕ್ಕೆ ತಿನ್ರೇ" ಎನ್ನುತ್ತಾಳೆ. "ಯಾರೂ ಎಲ್ಲಿಗೂ ಹೋಗ್ತಿಲ್ಲ."